ಬಾದಾಮಿ ಸರಿ, ಬೇರು ಯಾವುದು?

"ಯಾವ ಬೇರು ಅಂದ್ರೆ? ಮಾವಿನ ಬೇರೇ ಕಣಮ್ಮ!"

ಶ್ರೀನಿವಾಸಪುರದ ಕಡೆಯ ಒಂದು ನರ್ಸರಿಯಲ್ಲಿ ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇದು. ಕಾಂಡ ಕೊರೆಯುವ ಹುಳ ಬಿದ್ದು ಅಪ್ಪನ ತೋಟದಲ್ಲಿ ಹನ್ನೆರಡು ಮಾವಿನ ಮರ ಹೋಗಿದ್ದವು. ಆ ಜಾಗಕ್ಕೆ ಹೊಸ ಗಿಡ ತರೋಣ ಅಂತ ಒಂದು ಶನಿವಾರ ಲ್ಯಾಪ್‌ಟಾಪ್ ಮುಚ್ಚಿಟ್ಟು ಅಪ್ಪನ ಜೊತೆ ಹೋಗಿದ್ದೆ. ನರ್ಸರಿಯವರು ಬಾದಾಮಿ, ಮಲ್ಲಿಕಾ, ರಸಪುರಿ, ತೋತಾಪುರಿ ಅಂತ ಸಾಲುಗಳನ್ನು ತೋರಿಸುತ್ತಾ ಬಂದರು. ಪ್ರತಿ ಗಿಡದಲ್ಲೂ ನೆಲದಿಂದ ಸ್ವಲ್ಪ ಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಗಂಟು. ಗಂಟಿನ ಮೇಲಿರುವುದು ಬಾದಾಮಿ. ಹಾಗಾದರೆ ಗಂಟಿನ ಕೆಳಗಿರುವುದು? ಅಷ್ಟೇ ನಾನು ಕೇಳಿದ್ದು.

ಅವರು ನಕ್ಕರು. ಅಪ್ಪನಿಗೆ ಸ್ವಲ್ಪ ಮುಜುಗರ ಆಯ್ತು. "ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ" ಅಂತ ನನ್ನ ಪರವಾಗಿ ಸಮಜಾಯಿಷಿ ಕೊಟ್ಟರು. ನರ್ಸರಿಯವರು ಒಳ್ಳೆ ಮನುಷ್ಯ. ನಗು ನಿಲ್ಲಿಸಿ ನಿಜ ಹೇಳಿದರು. ಮಾವಿನ ರಸ ತೆಗೆಯುವ ಕಾರ್ಖಾನೆಯಿಂದ ವಾಟೆ ಲೋಡ್‌ಗಟ್ಟಲೆ ತರಿಸುತ್ತಾರಂತೆ. ಅದರಲ್ಲಿ ತೋತಾಪುರಿ ಇರಬಹುದು, ನಾಟಿ ಇರಬಹುದು, ಏನು ಬೇಕಾದರೂ ಇರಬಹುದು. ಮೊಳೆತದ್ದನ್ನೆಲ್ಲ ಕವರಿಗೆ ಹಾಕಿ, ಪೆನ್ಸಿಲ್ ದಪ್ಪ ಬಂದ ಮೇಲೆ ಕಸಿ ಕಟ್ಟುವುದು. "ಬೇರು ಗಟ್ಟಿಯಾಗಿದ್ರೆ ಸಾಕಮ್ಮ, ಜಾತಕ ಯಾರು ನೋಡ್ತಾರೆ?"

ನನಗೆ ಈ ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ. ಅಪ್ಪ 1994ರಲ್ಲಿ ಎರಡು ಎಕರೆಗೆ ಎಂಬತ್ತು ಬಾದಾಮಿ ಗಿಡ ಹಾಕಿದ್ದರು. ಒಂದೇ ನರ್ಸರಿ, ಒಂದೇ ದಿನ ತಂದದ್ದು, ಒಂದೇ ಅಳತೆಯ ಗುಂಡಿ. ಈಗ ಹೋಗಿ ನೋಡಿದರೆ ಮೂರನೇ ಸಾಲಿನ ಒಂದು ಮರ ಎರಡಂತಸ್ತಿನ ಮನೆಯಷ್ಟಿದೆ. ಅದರ ಪಕ್ಕದ್ದು ನಾನು ಕೈ ಚಾಚಿದರೆ ಕಾಯಿ ಸಿಗುವಷ್ಟೇ ಎತ್ತರ. ಒಂದು ವರ್ಷ ಬಿಟ್ಟು ವರ್ಷ ಫಸಲು ಕೊಡೋದೊಂದು, ಪ್ರತಿ ವರ್ಷ ಎಷ್ಟೋ ಅಷ್ಟು ಕೊಡೋದು ಇನ್ನೊಂದು. ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಅಪ್ಪ "ಒಂದೊಂದು ಮರಕ್ಕೂ ಅದರದ್ದೇ ಹಣೆಬರಹ ಮಗಾ" ಅಂದಿದ್ದರು. ಮಣ್ಣು, ನೀರು ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಒಪ್ಪೋಣ. ಆದರೆ ಎಂಬತ್ತೂ ಮರದ ತಲೆ ಒಂದೇ ತಾಯಿಯದ್ದಾಗಿದ್ದರೂ ಕಾಲು ಮಾತ್ರ ಎಂಬತ್ತು ಬೇರೆ ಬೇರೆ ಮರಗಳದ್ದು ಅನ್ನೋದು ನನಗೆ ಹೊಳೆದದ್ದು ತೀರಾ ಇತ್ತೀಚೆಗೆ.

ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ. ಮಾವಿನ ತಳಿಗಳ ಇತಿಹಾಸ ಬೇಕಾದಷ್ಟಿದೆ. ಬೇರಿನ ಇತಿಹಾಸ ಎಲ್ಲಿದೆ?

*

ಮೊದಲು ಒಂದು ಸಣ್ಣ ಪಾಠ, ಬೇಸರ ಮಾಡ್ಕೋಬೇಡಿ.

ನಮ್ಮ ಬಯಲುಸೀಮೆಯಲ್ಲಿ ಎಲ್ಲರಿಗೂ ಗೊತ್ತಿರೋ ಮಾತು: ಬಾದಾಮಿ ಹಣ್ಣು ತಿಂದು ವಾಟೆ ಹೂತರೆ ಬಾದಾಮಿ ಬರಲ್ಲ. ಬಾದಾಮಿ, ರಸಪುರಿ, ಮಲಗೋವಾ ಇವುಗಳ ವಾಟೆಯೊಳಗೆ ಇರುವುದು ಒಂದೇ ಭ್ರೂಣ. ಅದು ತಾಯಿ ಮರ ಮತ್ತು ಎಲ್ಲಿಂದಲೋ ಬಂದ ಪರಾಗ ಸೇರಿ ಹುಟ್ಟಿದ್ದು. ಅಕ್ಕ ತಂಗಿಯರು ಒಂದೇ ಥರ ಇರ್ತಾರಾ? ಹಾಗೇ ಇದು. ಅದಕ್ಕೇ ಕಸಿ ಬೇಕು. ಒಳ್ಳೆ ಮರದ ಕಡ್ಡಿ ತಂದು, ಬೇರೆ ಯಾವುದೋ ವಾಟೆಯಿಂದ ಹುಟ್ಟಿದ ಸಸಿಯ ಮೇಲೆ ಕೂರಿಸಿ ಕಟ್ಟುತ್ತಾರೆ. ಮೇಲಿನದು ಕಸಿಕಡ್ಡಿ, ಕೆಳಗಿನದು ಬೇರುಸಸಿ. ಗಾಯ ಮಾಗಿದ ಮೇಲೆ ಎರಡೂ ಸೇರಿ ಒಂದು ಮರ. ಹಣ್ಣು ಮೇಲಿನದರದ್ದು, ನೀರು, ಲವಣ ಎಳೆಯೋದು ಕೆಳಗಿನದ್ದು. ಮರ ಎಷ್ಟು ದೊಡ್ಡದಾಗುತ್ತೆ, ಉಪ್ಪುನೀರು ತಡೆಯುತ್ತಾ, ಸುಣ್ಣದ ಮಣ್ಣಲ್ಲಿ ಬದುಕುತ್ತಾ, ಇದರಲ್ಲೆಲ್ಲ ಕೆಳಗಿನವರ ಮಾತು ತುಂಬಾ ನಡೆಯುತ್ತೆ.

ಕಸಿ ಅನ್ನೋ ವಿದ್ಯೆ ನಮಗೆ ಹೊಸದಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಹಲಸು, ಅಶೋಕ, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಳ ಇಂಥವನ್ನು ಕಾಂಡದಿಂದ ಬೆಳೆಸಬಹುದು, ಸಗಣಿ ಮೆತ್ತಿ ಇನ್ನೊಂದು ಮರದ ಕತ್ತರಿಸಿದ ಬೇರಿನ ಮೇಲೋ ಬೊಡ್ಡೆಯ ಮೇಲೋ ನೆಡಬಹುದು ಅಂತ ಅದರಲ್ಲಿ ಬರುತ್ತದೆ. ಆ ಪಟ್ಟಿಯಲ್ಲಿ ಮಾವು ಇಲ್ಲ! ಕನ್ನಡದಲ್ಲೇ ನೋಡಿದರೆ ಚಾವುಂಡರಾಯನ ಲೋಕೋಪಕಾರ (ಸುಮಾರು 1025) ಇದೆ. ಚಾಲುಕ್ಯರ ಕಾಲದ ಈ ಪುಸ್ತಕದಲ್ಲಿ ಅಡುಗೆ, ಶಕುನ, ಬಾವಿ ತೋಡುವುದರ ಜೊತೆಗೆ ವೃಕ್ಷಾಯುರ್ವೇದವೂ ಸೇರಿದೆ. ಅಂದರೆ ಗಿಡದ ಆರೈಕೆ ಅನ್ನೋದು ಸಾವಿರ ವರ್ಷದ ಹಿಂದೆಯೇ ಗೃಹಸ್ಥನಿಗೆ ಗೊತ್ತಿರಬೇಕಾದ ವಿಷಯ.

ಆದರೆ ಒಂದೊಂದು ತಳಿಗೂ ಹೆಸರಿಟ್ಟು, ತೋಟಗಟ್ಟಲೆ ಅದನ್ನೇ ಕಸಿ ಮಾಡಿ ಬೆಳೆಸುವ ಮಾವಿನ ಕಥೆ ಜೋರಾಗೋದು ಗೋವಾದಲ್ಲಿ, ಪೋರ್ಚುಗೀಸರ ಕಾಲದಲ್ಲಿ.

*

ಅಫೋನ್ಸೊ ಡಿ ಅಲ್ಬುಕರ್ಕ್ ಗೋವಾ ಹಿಡಿದದ್ದು 1510ರಲ್ಲಿ. ನಾವು ಬಾದಾಮಿ ಅನ್ನೋ ಹಣ್ಣಿಗೆ ಉಳಿದವರು ಆಲ್ಫಾನ್ಸೊ ಅನ್ನೋದು ಅವನ ಹೆಸರಿಂದಲೇ ಅಂತ ಎಲ್ಲ ಕಡೆ ಓದ್ತೀವಿ. ತಮಾಷೆ ಅಂದರೆ ಅವನು 1515ರಲ್ಲೇ ತೀರಿಕೊಂಡ. ಮಾವಿನ ಕಸಿಯನ್ನು ಗೋವಾದಲ್ಲಿ ಬೆಳೆಸಿದರು ಅನ್ನಲಾಗುವ ಜೆಸ್ಯೂಟ್ ಪಾದ್ರಿಗಳು ಅಲ್ಲಿಗೆ ಬಂದದ್ದು 1542ರಲ್ಲಿ. ಪಾಪ, ತನ್ನ ಹೆಸರಿನ ಹಣ್ಣನ್ನು ಅವನು ತಿಂದಿರುವ ಸಾಧ್ಯತೆ ಕಡಿಮೆ. ಮುಂದೆ 17ನೇ ಶತಮಾನದಲ್ಲಿ ಮೊಘಲರ ನಾಡಲ್ಲಿ ಓಡಾಡಿದ ಇಟಲಿಯ ನಿಕೊಲಾವ್ ಮನುಚ್ಚಿ, ಗೋವಾದ ಮಾವಿನ ತಳಿಗಳ ಒಂದು ಪಟ್ಟಿಯನ್ನೇ ಬರೆದಿಟ್ಟಿದ್ದಾನೆ. ಅದರಲ್ಲಿ ನಿಕೊಲಾವ್ ಅಫೋನ್ಸೊ ಅನ್ನೋ ಹಣ್ಣೂ ಇದೆ, ಮಲೇಸಿಸ್, ಕರೇರ ಕೂಡ ಇವೆ. ಹಾಗಾಗಿ ಆಲ್ಫಾನ್ಸೊ ಹೆಸರಿನ ಹಿಂದೆ ಇರೋದು ಗವರ್ನರೋ ಅಥವಾ ಬೇರೊಬ್ಬ ಅಫೋನ್ಸೊ ಸಾಹೇಬನೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ನನಗೆ ಆಸಕ್ತಿ ಹುಟ್ಟಿದ್ದು ಆ ಜಗಳದ ಬಗ್ಗೆ ಅಲ್ಲ. ನಾನೂರು ವರ್ಷದಿಂದ ನಾವು ಜಗಳ ಆಡ್ತಿರೋದೆಲ್ಲ ಗಂಟಿನ ಮೇಲಿನವರ ಹೆಸರಿನ ಬಗ್ಗೆ ಮಾತ್ರ, ಅಲ್ವಾ?

ಯಾಕೆ ಹೀಗಾಯ್ತು ಅನ್ನೋದಕ್ಕೆ ಉತ್ತರ ಆ ಕಾಲದ ಕಸಿಯ ವಿಧಾನದಲ್ಲೇ ಇದೆ. ಈಗಿನ ಹಾಗೆ ಕಡ್ಡಿ ಕತ್ತರಿಸಿ ತಂದು ಕಟ್ಟುವುದಲ್ಲ. ಕುಂಡದಲ್ಲಿ ಬೆಳೆದ ಸಸಿಯನ್ನೇ ತಾಯಿ ಮರದ ಹತ್ತಿರ ಒಯ್ಯಬೇಕು. ಕೊಂಬೆ ಎತ್ತರದಲ್ಲಿದ್ದರೆ ಅಟ್ಟಣಿಗೆ ಕಟ್ಟಿ ಕುಂಡವನ್ನು ಮೇಲಕ್ಕೇರಿಸಬೇಕು. ಸಸಿಯ ಕಾಂಡವನ್ನೂ ಕೊಂಬೆಯನ್ನೂ ಒಂದೊಂದು ಕಡೆ ಸ್ವಲ್ಪ ಹೆರೆದು, ಎರಡನ್ನೂ ಒತ್ತಿ ಕಟ್ಟಿ, ಎರಡು ಮೂರು ತಿಂಗಳು ನೀರು ಹಾಕುತ್ತಾ ಕಾಯಬೇಕು. ಬೆಸೆದುಕೊಂಡ ಮೇಲೆ ಕೊಂಬೆಯನ್ನು ತಾಯಿಯಿಂದ ಬಿಡಿಸುವುದು. ತೋಟಗಾರಿಕೆ ಪುಸ್ತಕಗಳಲ್ಲಿ ಇದಕ್ಕೆ ಸಾಮೀಪ್ಯ ಕಸಿ ಅಂತಾರೆ. ಇಷ್ಟೆಲ್ಲ ಒದ್ದಾಟದಲ್ಲಿ ಸಸಿಯಿಂದ ಬೇಕಾಗಿದ್ದು ಎರಡೇ: ಕುಂಡದಲ್ಲಿ ಬದುಕಬೇಕು, ಕೊಂಬೆಯಷ್ಟೇ ದಪ್ಪ ಇರಬೇಕು. ಯಾವ ಮರದ ಮಗು ಅನ್ನೋದು ಯಾರಿಗೂ ಬೇಕಿರಲಿಲ್ಲ. ನಮ್ಮ ನರ್ಸರಿಯವರ "ಪೆನ್ಸಿಲ್ ದಪ್ಪ" ಇದೆಯಲ್ಲ, ಅದು ಈ ಹಳೇ ಲೆಕ್ಕದ ಮೊಮ್ಮಗ.

*

ಎಲ್ಲ ಬೆಳೆಗೂ ಹೀಗಲ್ಲ. ನಮ್ಮ ರಾಜ್ಯದಲ್ಲೇ ವಿಜಯಪುರಕ್ಕೆ ಹೋಗಿ ದ್ರಾಕ್ಷಿ ಬೆಳೆಗಾರರನ್ನು ಮಾತಾಡಿಸಿ. "ಡಾಗ್‌ರಿಡ್ಜ್ ಹಚ್ಚೇವ್ರಿ, ಅದರ ಮ್ಯಾಲೆ ಥಾಮ್ಸನ್" ಅಂತಾರೆ. ಅವರು ಮೊದಲು ನೆಡೋದೇ ಬೇರನ್ನು. ಅದು ನೆಲ ಹಿಡಿದ ಮೇಲೆ ಹಣ್ಣಿನ ತಳಿಯ ಕಸಿ. ಡಾಗ್‌ರಿಡ್ಜ್ ಅನ್ನೋದು ಅಮೆರಿಕದ ಟೆಕ್ಸಾಸ್‌ನ ಒಂದು ಗುಡ್ಡದ ಹೆಸರು. ಅಲ್ಲಿಯ ಕಾಡುದ್ರಾಕ್ಷಿ ಅದು. ಬರ, ಉಪ್ಪುನೀರು ಎರಡನ್ನೂ ತಡೆಯುತ್ತೆ ಅಂತ ಇಲ್ಲಿಯ ಬೆಳೆಗಾರರು ಒಪ್ಪಿಕೊಂಡರು.

ದ್ರಾಕ್ಷಿಯವರಿಗೆ ಈ ಬುದ್ಧಿ ಬಂದದ್ದು ದೊಡ್ಡ ಪೆಟ್ಟು ತಿಂದ ಮೇಲೆ. 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳು ಒಂದಾದ ಮೇಲೊಂದು ಒಣಗತೊಡಗಿದವು. 1868ರಲ್ಲಿ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಜೊತೆಗಾರರು ಬೇರು ಅಗೆದು ನೋಡಿದರೆ, ರಸ ಹೀರುತ್ತಾ ಕೂತ ಫಿಲಾಕ್ಸೆರ ಅನ್ನೋ ಪುಟ್ಟ ಹೇನು. ಅದು ಅಮೆರಿಕದಿಂದ ಬಂದದ್ದು. ಪರಿಹಾರವೂ ಅಲ್ಲಿಂದಲೇ ಬರಬೇಕಾಯ್ತು. ಆ ಹೇನಿನ ಜೊತೆ ಬದುಕಿ ಅಭ್ಯಾಸವಿದ್ದ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಫ್ರೆಂಚ್ ದ್ರಾಕ್ಷಿಯನ್ನು ಕಸಿ ಮಾಡಿದರು. ಟೆಕ್ಸಾಸ್‌ನಲ್ಲಿ ಇಂಥ ಬೇರುಗಳನ್ನು ಹುಡುಕಿಕೊಟ್ಟ ಟಿ. ವಿ. ಮನ್ಸನ್‌ಗೆ ಫ್ರಾನ್ಸ್ ಸರ್ಕಾರ 1888ರಲ್ಲಿ ತನ್ನ ಕೃಷಿ ಗೌರವವಾದ ಮೆರೀಟ್ ಅಗ್ರಿಕೋಲ್ ಕೊಟ್ಟಿತು. ಬೇರು ಹುಡುಕಿದವನಿಗೆ ಪದಕ! ಮುಂದಿನ ಸಲ ವೈನ್ ಗ್ಲಾಸ್ ಎತ್ತುವಾಗ ನೆನಪಿಸಿಕೊಳ್ಳಿ.

ಮಾವಿಗೆ ಅಂಥ ಪೆಟ್ಟು ಬೀಳಲಿಲ್ಲ. ಇನ್ನೊಂದು ಕಾರಣವೂ ಇದೆ. ದ್ರಾಕ್ಷಿಯ ಕಡ್ಡಿ ಚುಚ್ಚಿದರೆ ಬೇರು ಬರುತ್ತೆ. ಹಾಗಾಗಿ ಒಂದು ಒಳ್ಳೆ ಬೇರು ಸಿಕ್ಕರೆ ಅದರದ್ದೇ ಲಕ್ಷ ಪ್ರತಿ ಮಾಡಬಹುದು. ಮಾವಿನ ಕಡ್ಡಿ ಚುಚ್ಚಿದರೆ ಸಾಮಾನ್ಯವಾಗಿ ಒಣಗುತ್ತೆ. ಬೇರುಸಸಿ ವಾಟೆಯಿಂದಲೇ ಬರಬೇಕು. ವಾಟೆಯಿಂದ ಬಂದದ್ದು ಒಂದರ ಹಾಗೆ ಇನ್ನೊಂದಿರಲ್ಲ. ಹಾಗಾದರೆ ಮಾವಿನ ಬೇರನ್ನು ಆರಿಸೋದು ಹೇಗೆ? ಇಲ್ಲಿಗೆ ನನ್ನ ಹುಡುಕಾಟ ನಿಂತೇ ಹೋಗಿತ್ತು.

*

ಬಿಡಿಸಿದವರು ಪುತ್ತೂರಿನ ಒಬ್ಬ ಅಜ್ಜಿ.

ಆಫೀಸಿನ ಗೆಳತಿಯೊಬ್ಬಳ ಅಜ್ಜಿಮನೆ ಅದು. ಮೇ ತಿಂಗಳ ಕೊನೆಗೆ ಎರಡು ದಿನ ರಜೆ ಹಾಕಿ ಹೋಗಿದ್ದೆವು. ಮಧ್ಯಾಹ್ನ ಊಟಕ್ಕೆ ಕಾಟು ಮಾವಿನಹಣ್ಣಿನ ಗೊಜ್ಜು. ನಾರು ನಾರಾದ ಹಣ್ಣು, ಹುಳಿ ಸಿಹಿ ಎರಡೂ; ಗೊರಟು ಚೀಪುತ್ತಾ ಕೂತರೆ ಎದ್ದೇಳೋಕೆ ಮನಸ್ಸಾಗಲ್ಲ. ಮನೆಯ ಹಿಂದೆ ಗುಡ್ಡದ ಬದಿಯಲ್ಲಿ ಇನ್ನೊಂದು ದೊಡ್ಡ ಮರ ಇತ್ತು. ಯಾವ ಜಾತಿ ಅಂತ ಕೇಳಿದೆ. "ಅದು ನೆಕ್ಕರೆ" ಅಂದರು ಅಜ್ಜಿ. ನಾನು ಸುಮ್ಮನಿರಲಾರದೆ, "ಕಸಿಯಾ ಅಜ್ಜಿ?" ಅಂದೆ.

"ಕಸಿ ಎಂತಕ್ಕೆ ಮಾರಾಯ್ತಿ? ಗೊರಟು ಬಿಸಾಡಿದಲ್ಲಿ ಅದೇ ಹಣ್ಣು ಬರ್ತದೆ. ತೋಟದ ಕೆಳಗೆ ಎರಡುಂಟು, ಅದೂ ಇದರದ್ದೇ ಗೊರಟು. ಹಣ್ಣು ತಂದು ಒಟ್ಟಿಗೆ ಹಾಕಿದರೆ ಯಾವ ಮರದ್ದು ಅಂತ ನನಗೇ ಗೊತ್ತಾಗುದಿಲ್ಲ."

ಚೀಪುತ್ತಿದ್ದ ಗೊರಟು ಕೈಯಲ್ಲೇ ಉಳಿಯಿತು. ವಾಟೆಯಿಂದ ಅದೇ ಹಣ್ಣು ಬರಲ್ಲ ಅನ್ನೋದು ನಮ್ಮ ಕೋಲಾರದಲ್ಲಿ ವೇದವಾಕ್ಯ. ಇಲ್ಲಿ ಅಜ್ಜಿ ಅದರ ಉಲ್ಟಾ ಹೇಳ್ತಿದ್ದಾರೆ. ಇಬ್ಬರೂ ಸರಿ!

ಮಾವಿನಲ್ಲಿ ಎರಡು ಕುಲ. ನಮ್ಮ ಬಯಲುಸೀಮೆಯ, ಉತ್ತರ ಭಾರತದ ಮಾವುಗಳದ್ದು ಏಕಭ್ರೂಣ. ಕೇರಳ, ತುಳುನಾಡು, ಗೋವಾದ ಕರಾವಳಿಯ ಹಲವು ಮಾವುಗಳದ್ದು ಬಹುಭ್ರೂಣ. ಒಂದೇ ಗೊರಟಿನಿಂದ ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಹೆಚ್ಚು ಮೊಳಕೆ. ಅವುಗಳಲ್ಲಿ ಒಂದು ಪರಾಗದಿಂದ ಹುಟ್ಟಿದ್ದಿರಬಹುದು. ಉಳಿದವು ತಾಯಿಯ ಅಂಗಾಂಶದಿಂದಲೇ ನೇರವಾಗಿ ಹುಟ್ಟಿದವು, ಅಂದರೆ ತಾಯಿಯ ಪಡಿಯಚ್ಚು. ಹೆಚ್ಚುವರಿ ಭ್ರೂಣಗಳು ಹೀಗೆ ತಾಯಿಯಿಂದ ಬರುತ್ತವೆ ಅಂತ 1878ರಲ್ಲಿ ತೋರಿಸಿಕೊಟ್ಟವರು ಜರ್ಮನಿಯಲ್ಲಿದ್ದ ಸಸ್ಯವಿಜ್ಞಾನಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್. ಅಜ್ಜಿ ಅದೇ ಮಾತನ್ನು ಗೊಜ್ಜು ಬಡಿಸುತ್ತಾ ಹೇಳಿದ್ದರು.

ಪಟ್ಟಿ ಮಾಡಿದರೆ ಹೆಸರುಗಳೇ ಒಂದು ಪ್ರವಾಸ: ಕೇರಳದ ಒಳೂರ್, ಕುರುಕ್ಕನ್, ಚಂದ್ರಕ್ಕಾರನ್, ಮೂವಾಂಡನ್, ನಮ್ಮ ಕರಾವಳಿಯ ಬಪ್ಪಕಾಯಿ, ನೆಕ್ಕರೆ, ಹೆಸರಲ್ಲೇ ಕೊಲಂಬೊ ಇಟ್ಟುಕೊಂಡಿರುವ ವೆಳ್ಳೈಕೊಳಂಬನ್. ಇವು ಕರಾವಳಿಗೆ ಹೇಗೆ ಬಂದವು? ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎರಡೂ ಕುಲದ ಡಿಎನ್‌ಎ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಪಶ್ಚಿಮ ಕರಾವಳಿಯ ಬಹುಭ್ರೂಣ ಮಾವುಗಳು ಇಲ್ಲೇ ಹುಟ್ಟಿದ್ದಲ್ಲ, ಆಗ್ನೇಯ ಏಷ್ಯಾದಿಂದ ಬಂದಿರಬೇಕು ಅನ್ನೋದು ಅವರ ಅಭಿಪ್ರಾಯ. ಮಾವಿನ ಗೊರಟು ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತೆ. ಹಾಗಾಗಿ ಯಾರೋ ಹಣ್ಣನ್ನೋ ಸಸಿಯನ್ನೋ ಜೋಪಾನವಾಗಿ ಹಡಗಲ್ಲಿ ತಂದಿರಬೇಕು. ಅಂಥ ಎಷ್ಟೋ ಜನರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಅಂತೂ ನನಗೆ ಬೇಕಿದ್ದ ಉತ್ತರ ಸಿಕ್ಕಿತ್ತು. ದ್ರಾಕ್ಷಿಯವರು ಕಡ್ಡಿಯಿಂದ ಮಾಡೋ ಕೆಲಸವನ್ನು ಮಾವು ಗೊರಟಿನಿಂದಲೇ ಮಾಡಿಕೊಡುತ್ತೆ, ಸರಿಯಾದ ಗೊರಟನ್ನು ಆರಿಸಿದರೆ.

*

ಹೊರಗಿನವರು ಇದನ್ನು ಚೆನ್ನಾಗಿ ಬಳಸಿಕೊಂಡರು. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಬೊಂಬಾಯಿಯಿಂದ ಕಸಿ ಮಾವಿನ ಗಿಡಗಳನ್ನು ಫ್ಲಾರಿಡಾಗೆ ತರಿಸಿತು. ಅವುಗಳಲ್ಲಿ ನಮ್ಮ ಮಲಗೋವಾದ ಹೆಸರು ಹೊತ್ತ ಮುಲ್ಗೋಬವೂ ಇತ್ತು. 1894-95ರ ಚಳಿಗಾಲದ ಹಿಮಕ್ಕೆ ಸಿಕ್ಕಿಯೂ ಉಳಿದದ್ದು ಎಲ್‌ಬ್ರಿಡ್ಜ್ ಗೇಲ್ ಅನ್ನೋ ಪ್ರೊಫೆಸರ್ ತೋಟದ ಒಂದು ಮುಲ್ಗೋಬ ಮರ. ಅದರ ಹಣ್ಣಿನ ವಾಟೆಗಳನ್ನು ಕ್ಯಾಪ್ಟನ್ ಜಾನ್ ಹೇಡನ್ 1902ರಲ್ಲಿ ನೆಟ್ಟ. ಮರುವರ್ಷವೇ ತೀರಿಕೊಂಡ. ಹೆಂಡತಿ ಫ್ಲಾರೆನ್ಸ್ ಆ ಗಿಡಗಳನ್ನು ಸಾಕಿದರು. 1910ರಲ್ಲಿ ಅದರಲ್ಲೊಂದು ಕೆಂಪು ಹೊಳಪಿನ ಹಣ್ಣು ಬಿಟ್ಟಿತು. ಅದೇ ಹೇಡನ್ ಮಾವು. ಇವತ್ತು ಅಮೆರಿಕ, ಯೂರೋಪಿನ ಸೂಪರ್‌ಮಾರ್ಕೆಟ್‌ಗಳಲ್ಲಿ ನಿಮ್ಮ ಸ್ನೇಹಿತರು ಕೊಂಡು ಬೈದುಕೊಂಡು ತಿನ್ನೋ ಟಾಮಿ ಆಟ್ಕಿನ್ಸ್ ಇದರದ್ದೇ ವಂಶ.

ಹೇಡನ್‌ಗೆ ತಾಯಿ ಮುಲ್ಗೋಬ. ತಂದೆ ಯಾರು ಅಂತ ನೂರು ವರ್ಷ ಗೊತ್ತಿರಲಿಲ್ಲ. 2006ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಅದನ್ನೂ ಹೇಳಿತು: ಟರ್ಪೆಂಟೈನ್. ವೆಸ್ಟ್ ಇಂಡೀಸ್ ಕಡೆಯಿಂದ ಫ್ಲಾರಿಡಾ ಸೇರಿದ್ದ, ನಾರು ತುಂಬಿದ, ಟರ್ಪೆಂಟೈನ್ ವಾಸನೆಯ ಕಾಡುಜಾತಿಯ ಮಾವು. ಬಹುಭ್ರೂಣದ್ದು. ಫ್ಲಾರಿಡಾದ ನರ್ಸರಿಗಳು ಇವತ್ತಿಗೂ ಬೇರುಸಸಿಗೆ ಬಳಸೋದು ಅದನ್ನೇ. ಯಾರೂ ತಿನ್ನದ ಆ ಮಾವು ಬೇರಾಗಿ ಕೆಳಗೂ ಇದೆ, ಅಪ್ಪನಾಗಿ ಮೇಲೂ ಇದೆ.

ಇಸ್ರೇಲ್‌ನವರ ಕಷ್ಟ ಬೇರೆ ಥರದ್ದು. ಸುಣ್ಣದ ಮಣ್ಣು, ಉಪ್ಪಿನಂಶದ ನೀರು; ಮಾವಿನ ಎಲೆ ಸುಟ್ಟುಹೋಗ್ತಿತ್ತು. ಅಲ್ಲಿಯ ವಿಜ್ಞಾನಿಗಳಾದ ಗಾಜಿತ್ ಮತ್ತು ಕಾಡ್ಮನ್ ಬಹುಭ್ರೂಣದ ಸಸಿಗಳಲ್ಲಿ ಹುಡುಕಿ, ತಡೆದುಕೊಳ್ಳುವ ಒಂದನ್ನು ಆರಿಸಿ 1980ರಲ್ಲಿ ಪ್ರಕಟಿಸಿದರು. ಅದಕ್ಕೊಂದು ಚೆಂದದ ಹೆಸರೂ ಇಲ್ಲ, "13-1" ಅಷ್ಟೇ. ಅದರ ಮೇಲೆಯೇ ಅವರ ಮಾವಿನ ಬೇಸಾಯ ನಿಂತಿತು.

ಭಾರತದಲ್ಲಿ ಯಾರೂ ಯೋಚನೆ ಮಾಡಲಿಲ್ಲ ಅಂತಲ್ಲ. ಹೆಸರಘಟ್ಟದಲ್ಲೇ ಆಲ್ಫಾನ್ಸೊವನ್ನು ಬೇರೆ ಬೇರೆ ಬೇರುಗಳ ಮೇಲೆ ಕಸಿ ಮಾಡಿ ಎಷ್ಟೋ ವರ್ಷ ಅಳೆದಿದ್ದಾರೆ. ವೆಳ್ಳೈಕೊಳಂಬನ್ ಬೇರಿನ ಮೇಲೆ ಮರ ಗಿಡ್ಡವಾಗಿ ಬೆಳೆಯುತ್ತೆ ಅಂತ ಕಂಡುಕೊಂಡಿದ್ದಾರೆ. ಕಾಯಿ ಕೀಳೋಕೆ ಆಳು ಸಿಗದ, ಮರ ಹತ್ತೋರೇ ಇಲ್ಲದ ಈ ಕಾಲದಲ್ಲಿ ಗಿಡ್ಡ ಮರ ಅಂದರೆ ಎಷ್ಟು ದೊಡ್ಡ ವಿಷಯ ಅಂತ ನಮ್ಮಪ್ಪನನ್ನು ಕೇಳಿ. ನಮ್ಮನೆಯಿಂದ ಹೆಸರಘಟ್ಟಕ್ಕೆ ಅರ್ಧ ದಿನದ ದಾರಿಯೂ ಇಲ್ಲ. ಆದರೂ ಆ ಮಾತು ನಮ್ಮೂರಿನ ನರ್ಸರಿಯ ಗೇಟು ದಾಟಿರಲಿಲ್ಲ.

ಯಾಕೆ? ನರ್ಸರಿಯವರನ್ನು ಬೈಯೋದು ಸುಲಭ. ಅವರ ಕಡೆಯಿಂದ ನೋಡಿ. 1970ರ ದಶಕದ ನಂತರ ಓಟೆ ಕಸಿ, ಮೃದುಕಾಂಡ ಕಸಿ ಬಂದವು. ಅಟ್ಟಣಿಗೆ ಬೇಡ, ಕುಂಡ ಬೇಡ. ಕಡ್ಡಿ ತಂದು ಕವರಿನಲ್ಲಿರೋ ಸಸಿಗೇ ಕಟ್ಟಬಹುದು. ಗಿಡ ಸಾವಿರದಿಂದ ಲಕ್ಷಕ್ಕೆ ಹೋಯ್ತು. ಲಕ್ಷ ವಾಟೆ ಬೇಕು, ಅದೂ ಮಳೆ ಶುರುವಾಗೋ ಹೊತ್ತಿಗೆ ಒಟ್ಟಿಗೆ, ಅದೂ ತಾಜಾ. ಕಾರ್ಖಾನೆಯ ಅಂಗಳದಲ್ಲಿ ರಾಶಿ ಬಿದ್ದಿದೆ. ನೆಕ್ಕರೆಯೋ ವೆಳ್ಳೈಕೊಳಂಬನೋ ಬೇಕು ಅಂದರೆ ಅದಕ್ಕೇ ಒಂದು ತೋಟ ಬೇಕು. ಆ ಖರ್ಚು ಹಾಕಿದರೆ ಗಿಡಕ್ಕೆ ದುಡ್ಡು ಜಾಸ್ತಿ. ಕೊಡೋಕೆ ಗಿರಾಕಿ ತಯಾರಿಲ್ಲ, ಯಾಕಂದರೆ ಗಿರಾಕಿ ಆ ಪ್ರಶ್ನೆಯನ್ನೇ ಕೇಳಲ್ಲ. ತಪ್ಪಿನ ಫಲ ಗೊತ್ತಾಗೋದು ಹದಿನೈದು ವರ್ಷದ ಮೇಲೆ. ಆಗ ಅಪ್ಪನ ಹಾಗೆ ಹಣೆಬರಹ ಅಂತೀವಿ.

*

ಪುತ್ತೂರಿನಿಂದ ಹೊರಡೋ ದಿನ ಅಜ್ಜಿ ಒಂದು ಚೀಲದ ತುಂಬ ನೆಕ್ಕರೆ ಹಣ್ಣು ಕಟ್ಟಿಕೊಟ್ಟರು. "ಬೇಗ ಹಾಕು. ಒಣಗಿದ್ರೆ ಹುಟ್ಟುದಿಲ್ಲ" ಅಂದರು. ಮುಂದಿನ ವರ್ಷವೂ ಬರ್ತೀನಿ ಅಜ್ಜಿ ಅಂದೆ. ಅದಕ್ಕವರು ಮರದ ಕಡೆ ಕೈ ತೋರಿಸಿ, ಅಡಿಕೆಯ ರೇಟು ಹೇಳುವಷ್ಟೇ ಸಲೀಸಾಗಿ ಹೇಳಿದರು: "ಅದು ನನಗೆ ಇಟ್ಟ ಮರ. ನಾನಿರುವವರೆಗೆ ಅದೂ ಉಂಟು."

ನನಗೆ ಅರ್ಥ ಆಗಲಿಲ್ಲ. ಕಾರಲ್ಲಿ ಗೆಳತಿ ಹೇಳಿದಳು. ಆ ಕಡೆ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಚಿತೆಗೆ ಹಿತ್ತಿಲಿನ ಮಾವಿನ ಮರ ಕಡಿಯೋದು ಹಳೇ ಪದ್ಧತಿ. ಅಜ್ಜನಿಗೆ ಒಂದು ಮರ ಹೋಗಿದೆ. ಮೊದಲಾದರೆ ಒಂದು ಕಡಿದರೂ ಗೊರಟಿನಿಂದ ನಾಲ್ಕು ತಾವೇ ಏಳುತ್ತಿದ್ದವು. ಈಗ ಗುಡ್ಡ ಸಮ ಮಾಡಿ ಅಡಿಕೆ, ರಬ್ಬರ್ ಹಾಕಿದ ಮೇಲೆ ಏಳೋಕೆ ಜಾಗ ಇಲ್ಲ. ರಸ್ತೆ ಅಗಲ ಮಾಡುವಾಗ ಹೋಗೋ ಮರಗಳ ಲೆಕ್ಕವೇ ಬೇರೆ. ಒಳ್ಳೆ ಹಣ್ಣಿನ ಮರವಾದರೆ ಯಾರಾದರೂ ಬಂದು ಕಡ್ಡಿ ಕೊಯ್ದು ಉಳಿಸ್ತಾರೆ. ನಾರಿನ ಹಣ್ಣಿನ ಮರವನ್ನು ಯಾರು ಉಳಿಸ್ತಾರೆ? ಒಳ್ಳೆ ಬೇರು ಇರೋದು ಇಂಥ ಮರಗಳಲ್ಲೇ ಅನ್ನೋದು ನನ್ನ ಸಂಕಟ.

ಊರಿಗೆ ಬಂದು ಗೊರಟಿನ ಮೇಲಿನ ಗಟ್ಟಿ ಸಿಪ್ಪೆ ಬಿಡಿಸಿ ನಲವತ್ತನ್ನು ಪಾತಿಗೆ ಹಾಕಿದೆವು. ಮೊಳಕೆ ಬಂದಾಗ ಅಪ್ಪ ಕೂತು ಎಣಿಸಿದರು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಐದು. ಅರವತ್ತೆಂಟು ವರ್ಷದಲ್ಲಿ ಎಷ್ಟು ಮಾವಿನ ವಾಟೆ ನೋಡಿರಬಹುದು ಅವರು! "ಒಂದೇ ಹೊಟ್ಟೇಲಿ ಐದು ಕೂಸು ನೋಡೇ" ಅಂತ ಅಮ್ಮನನ್ನು ಕರೆದು ತೋರಿಸಿದರು. ಉಳಿದವಕ್ಕಿಂತ ಬೇರೆ ಥರ ಕಂಡ ಸಸಿಗಳನ್ನು ಕಿತ್ತು, ಒಂದೇ ಸಮ ಇರೋದನ್ನು ಬಿಡಿಸಿ ಒಂದೊಂದು ಕವರಿಗೆ ಹಾಕಿದೆವು.

ಕಾಯೋದಕ್ಕೆ ಮಾತ್ರ ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಸಸಿ ಕಸಿಗೆ ಬರಬೇಕು, ಕಸಿ ಹಿಡಿದು ಬಲಿಯಬೇಕು; ಎರಡು ವರ್ಷ ಗುಂಡಿ ಖಾಲಿ. "ನಿನಗೇನು, ವಯಸ್ಸಿದೆ. ನಾನು ಹಣ್ಣು ತಿನ್ನೋದು ಯಾವಾಗ?" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಪ್ಟನ್ ಹೇಡನ್ ಕಥೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಕೊನೆಗೆ ರಾಜಿ ಆಯ್ತು. ಹನ್ನೆರಡು ಗುಂಡಿಯಲ್ಲಿ ಆರಕ್ಕೆ ಅದೇ ನರ್ಸರಿಯಿಂದ ಬಾದಾಮಿ ತಂದು ಹಾಕಿದೆವು. ಉಳಿದ ಆರು ನೆಕ್ಕರೆಗೆ. ಹೋದ ವರ್ಷ ಜುಲೈನಲ್ಲಿ, ನಮ್ಮದೇ ತೋಟದ ಕೈಗೆಟುಕುವ ಆ ಗಿಡ್ಡ ಮರದ ಕಡ್ಡಿ ತಂದು, ಅಪ್ಪನೇ ಕಸಿ ಕಟ್ಟಿದರು. ಗಿಡ್ಡತನ ಕಡ್ಡಿಯ ಜೊತೆ ಬರಲ್ಲ, ಅದು ಬೇರಿನ ಗುಣ ಇರಬೇಕು ಅಂತ ನಾನಂದೆ. "ನೋಡೋಣ" ಅಂದರು.

ಕರಾವಳಿಯ ನೆಕ್ಕರೆ ನಮ್ಮ ಕೆಂಪು ಮಣ್ಣು, ಬೋರ್‌ವೆಲ್ ನೀರಿಗೆ ಹೊಂದುತ್ತಾ ಇಲ್ವಾ, ಮರ ಗಿಡ್ಡ ಆಗುತ್ತಾ ದೊಡ್ಡದಾಗುತ್ತಾ ಅನ್ನೋದು ಆರು ಮರ ಬೆಳೆದ ಮೇಲೆ ತಿಳಿಯೋ ವಿಷಯ. ಆದರೆ ಆರೂ ಒಂದೇ ಥರ ಬಂದರೆ ನನಗೆ ಅಷ್ಟೇ ಸಾಕು. ಕೆಟ್ಟರೂ ಏನು ಕೆಟ್ಟಿತು ಅಂತ ಗೊತ್ತಿರುತ್ತೆ.

ನೀವೂ ವೀಕೆಂಡ್ ತೋಟದ ಕನಸು ಕಾಣ್ತಿದ್ದರೆ, ಇಎಂಐ ಕಟ್ಟಿ ಒಂದೆಕರೆ ತಗೊಂಡಿದ್ದರೆ, ನರ್ಸರಿಯಲ್ಲಿ ಆ ಒಂದು ಪ್ರಶ್ನೆ ಕೇಳಿ. ನಗ್ತಾರೆ, ಪರವಾಗಿಲ್ಲ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿಗಬಹುದು.

ಅಪ್ಪನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. 1994ರ ಪುಟದಲ್ಲಿ "ಬಾದಾಮಿ – 80" ಅಂತಷ್ಟೇ ಬರೆದಿದ್ದಾರೆ. ಆರು ಸಸಿ ನೆಟ್ಟ ದಿನ ಸಂಜೆ ಅದನ್ನು ತೆಗೆದು ಹೊಸ ಪುಟದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದರು. ಎಡಗಡೆ "ಬಾದಾಮಿ – 6". ಬಲಗಡೆ ಏನು ಬರೀಬೇಕು ಅಂತ ನನ್ನ ಮುಖ ನೋಡಿದರು. ನಾನು ಹೇಳಿದೆ, ಅವರು ಬರೆದರು: "ಬೇರು – ನೆಕ್ಕರೆ, ಪುತ್ತೂರು ಅಜ್ಜಿ ಮನೆ".